ಬಾಯ್ಲರ್ ಆರಿತು, ಬಟ್ಟೆ ಆರಲಿಲ್ಲ

ಕನ್ನಡದಲ್ಲಿ ದೀಪವೂ ಆರುತ್ತದೆ, ಬಟ್ಟೆಯೂ ಆರುತ್ತದೆ. ಗಾಯ ಆರುತ್ತದೆ. ಮಾತಾಡ್ತಾ ಕೂತರೆ ಕಾಫಿಯೂ ಆರಿ ಹೋಗುತ್ತದೆ. ಕಳೆದ ನವೆಂಬರಿನಲ್ಲಿ ಮ್ಯಾಂಚೆಸ್ಟರಿನ ನಮ್ಮ ಮನೆಯ ಹಳೇ ಬಾಯ್ಲರ್ ಆರಿತು. ಅವತ್ತಿನಿಂದ ಬಟ್ಟೆ ಆರುವುದು ನಿಂತಿತು.

ಗ್ಯಾಸಿನಲ್ಲಿ ಉರಿದು ಮನೆಯನ್ನೂ ಸ್ನಾನದ ನೀರನ್ನೂ ಕಾಯಿಸುವ ಯಂತ್ರ ಅದು, ನಮಗಿಂತ ಮುಂಚೆ ಆ ಮನೆಯಲ್ಲಿದ್ದವರ ಕಾಲದ್ದು. ಅದರೊಳಗೆ ಒಂದು ಪುಟ್ಟ ನೀಲಿ ಪೈಲಟ್ ಉರಿ ಹಗಲೂ ರಾತ್ರಿ ನಂದಾದೀಪದ ಹಾಗೆ ಇರುತ್ತಿತ್ತು. ಜೋರು ಗಾಳಿ ಬೀಸಿದರೆ ಆರುತ್ತಿತ್ತು. ಆಗ ಇವರು ನೆಲದ ಮೇಲೆ ಮಂಡಿಯೂರಿ, ಬಟನ್ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಹೊತ್ತಿಸುತ್ತಿದ್ದರು. ದೇವರ ಮುಂದೆಯೂ ಅಷ್ಟು ಭಕ್ತಿಯಿಂದ ಇವರು ಕೂತಿದ್ದನ್ನು ನಾನು ಕಂಡಿಲ್ಲ.

ಕೊನೆಗೊಂದು ದಿನ ಎಷ್ಟು ಬೇಡಿಕೊಂಡರೂ ಅದು ಹೊತ್ತಲಿಲ್ಲ. ರಿಪೇರಿಗೆ ಬಂದವನು ಜೇಬಿನಿಂದ ಗ್ಯಾಸ್ ಕೆಲಸಕ್ಕೆ ಅಧಿಕಾರವಿದೆ ಅನ್ನುವ ಗ್ಯಾಸ್ ಸೇಫ್ ಕಾರ್ಡು ತೋರಿಸಿ, ಮುಚ್ಚಳ ತೆಗೆದು ನೋಡಿ, ‘ಇದರ ಕಥೆ ಮುಗೀತು, ಲವ್’ ಅಂದ. ಇಲ್ಲಿನವರು ಎಲ್ಲರಿಗೂ ಲವ್ ಅನ್ನುತ್ತಾರೆ. ನಮ್ಮ ಕಡೆ ತರಕಾರಿಯವನು ‘ಅಕ್ಕಾ’ ಅಂದ ಹಾಗೆ. ಮೊದಲ ವರ್ಷ ಅದನ್ನು ಕೇಳಿ ಇವರ ಮುಖ ಸಣ್ಣಗಾಗುತ್ತಿತ್ತು.

ಹೊಸದು ಕಾಂಬಿ ಬಾಯ್ಲರ್. ನಲ್ಲಿ ತಿರುಗಿಸಿದಾಗ ಆಗಿಂದಾಗಲೇ ನೀರು ಕಾಯಿಸಿ ಕೊಡುತ್ತದೆ. ಕೂಡಿಡುವ ಕೆಲಸವೇ ಇಲ್ಲ. ಹಾಗಾಗಿ ಮಹಡಿಯ ಕಪಾಟಿನಲ್ಲಿ ನೂರು ಲೀಟರಿಗೂ ಜಾಸ್ತಿ ಬಿಸಿನೀರು ಹೊತ್ತು ನಿಂತಿದ್ದ ಸಿಲಿಂಡರ್ ಬೇಡವಾಯಿತು. ಅದಕ್ಕೆ ಕೆಂಪು ಜಾಕೆಟ್ ತೊಡಿಸಿದ್ದರು. ಅವನು ಜಾಕೆಟ್ ಬಿಚ್ಚಿದ. ಒಳಗಿದ್ದದ್ದು ತಾಮ್ರ! ಕೀಲುಗಳಲ್ಲಿ ಹಸಿರು ಕಿಲುಬು ಹಿಡಿದ, ಹೊಟ್ಟೆ ತುಂಬಿದ, ನಮ್ಮೂರ ಬಚ್ಚಲುಮನೆಯ ಹಂಡೆಯ ದೊಡ್ಡಣ್ಣ. ಇಷ್ಟು ವರ್ಷ ಮನೆಯಲ್ಲೇ ಇದ್ದರೂ ಗುರುತು ಸಿಕ್ಕಿರಲಿಲ್ಲ ನೋಡಿ. ಹುಣಸೆಹಣ್ಣು ಹಚ್ಚಿ ತಿಕ್ಕೋಣ ಅನ್ನಿಸುವಷ್ಟರಲ್ಲಿ ಇಬ್ಬರು ಸೇರಿ ಅದನ್ನು ಮೆಟ್ಟಿಲಿಳಿಸಿ ವ್ಯಾನಿಗೆ ಹಾಕಿದರು.

ಆಮೇಲೆ ಶುರುವಾಯಿತು ಕಷ್ಟ.

ಆ ಕಪಾಟಿಗೆ ಇಲ್ಲಿ ಏರಿಂಗ್ ಕಪ್‌ಬೋರ್ಡ್ ಅನ್ನುತ್ತಾರೆ. ಸಿಲಿಂಡರಿನ ಮೇಲೆ ಸಂದು ಬಿಟ್ಟು ಹೊಡೆದ ಮರದ ಪಟ್ಟಿಗಳ ಅಟ್ಟಣಿಗೆ. ಜಾಕೆಟ್ ಇದ್ದರೂ ತಾಮ್ರದಿಂದ ಸ್ವಲ್ಪ ಕಾವು ಸೋರುತ್ತಿತ್ತು. ಅರೆ ಒಣಗಿದ ಬಟ್ಟೆ ಮಡಚಿ ಅಲ್ಲಿಟ್ಟರೆ ರಾತ್ರಿ ಕಳೆಯುವುದರಲ್ಲಿ ಗರಿಗರಿ. ಟವೆಲ್ಲು, ಮಕ್ಕಳ ಯೂನಿಫಾರಂ, ದೋಸೆ ಹಿಟ್ಟಿನ ಪಾತ್ರೆ, ಎಲ್ಲಕ್ಕೂ ಅದೇ ಗತಿ. ಹೌದು, ಹಿಟ್ಟು ಕೂಡ. ಇಂಗ್ಲೆಂಡಿನ ಚಳಿಯಲ್ಲಿ ಹಿಟ್ಟು ಹುದುಗುವ ಜಾಗ ಮನೆಯಲ್ಲಿ ಅದೊಂದೇ ಇತ್ತು.

ಈಗ ಅದೇ ಕಪಾಟು ಫ್ರಿಜ್ಜಿನ ತಂಗಿ. ಬಾಯ್ಲರಿನ ಬಿಸಿನೀರು ಸುತ್ತಿ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಹಾಕೋಣ ಅಂದರೆ ಅದಕ್ಕೂ ಮೊದಲಿನ ಉಗ್ರ ಬಿಸಿ ಇಲ್ಲ, ಸಣ್ಣ ಜ್ವರ ಬಂದವರ ಕೈಯಷ್ಟೇ ಬೆಚ್ಚಗೆ. ಬಾಯ್ಲರಿನವನು ಬೇಕೆಂದೇ ಹಾಗೆ ಇಟ್ಟು ಹೋಗಿದ್ದಾನೆ. 2005ರಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರುಗಳು ಬಹುತೇಕ ಕಂಡೆನ್ಸಿಂಗ್ ಜಾತಿಯವು. ಹೊಗೆಯಲ್ಲಿ ಹೊರಟುಹೋಗುವ ಆವಿಯನ್ನೂ ಹಿಡಿದು, ನೀರಾಗಿಸಿ, ಅದರ ಶಾಖವನ್ನೂ ಕಿತ್ತುಕೊಳ್ಳುತ್ತವೆ. ಅದಾಗಬೇಕಾದರೆ ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು 55 ಡಿಗ್ರಿಗಿಂತ ತಣ್ಣಗಿರಬೇಕಂತೆ. ಹೀಗೆ ಹಿಂಡಿದ ನೀರು ಪ್ಲಾಸ್ಟಿಕ್ ಪೈಪಿನಲ್ಲಿ ತೊಟ್ಟು ತೊಟ್ಟಾಗಿ ಹೊರಗೆ ಹೋಗುತ್ತದೆ. ಹೊಗೆಯನ್ನೇ ಹಿಂಡುವ ಯಂತ್ರ ಮನೆಯಲ್ಲಿದೆ, ನನ್ನ ಚೂಡಿದಾರ ಮಾತ್ರ ಒದ್ದೆ!

ಹಳೇ ಬಾಯ್ಲರ್ ದಂಡ ಮಾಡುತ್ತಿತ್ತು, ನಿಜ. ಗ್ಯಾಸ್ ಬಿಲ್ಲು ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಅದು ದಂಡ ಮಾಡಿದ್ದರಲ್ಲೇ ನಮ್ಮ ಬಟ್ಟೆ ಒಣಗುತ್ತಿತ್ತು ಅಲ್ವಾ? ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಅದೇ ಲೆಕ್ಕ. ಆಷಾಢದ ಮಳೆಗೆ ವಾರಗಟ್ಟಲೆ ಬಿಸಿಲು ಕಾಣದಾಗ ಬಚ್ಚಲೊಲೆಯ ಮೇಲೆ ಅಡ್ಡ ಗಳ ಕಟ್ಟಿ ಬಟ್ಟೆ ಹರವುತ್ತಿದ್ದೆವು. ಒಲೆ ಉರಿಯುತ್ತಿದ್ದದ್ದು ಸ್ನಾನದ ನೀರಿಗೆ. ಅಡಿಕೆ ಹಾಳೆ, ತೆಂಗಿನ ಸಿಪ್ಪೆ, ಕೈಗೆ ಸಿಕ್ಕಿದ್ದು. ಬಟ್ಟೆ ಒಣಗುತ್ತಿದ್ದದ್ದು ಮಿಕ್ಕ ಬಿಸಿಯಲ್ಲಿ. ಮಿಕ್ಕ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಪಾಪುವಿನ ಬಟ್ಟೆ. ಮಳೆಗಾಲದ ಬೆಳಗ್ಗೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತರೆ ಇಡೀ ಸಾಲು ಬಚ್ಚಲೊಲೆಯ ಹೊಗೆ ವಾಸನೆ ಹೊಡೆಯುತ್ತಿತ್ತು. ಎಲ್ಲರದ್ದೂ ಅದೇ ವಾಸನೆಯಾದ್ದರಿಂದ ಯಾರಿಗೂ ನಾಚಿಕೆ ಇರಲಿಲ್ಲ.

ಬಟ್ಟೆ ಒಣಗಿದೆಯೋ ಇಲ್ಲವೋ ಅಂತ ಅಮ್ಮ ಕೈಯಲ್ಲಿ ಮುಟ್ಟಿ ಹೇಳುತ್ತಿರಲಿಲ್ಲ. ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಕೈಗೆ ಒಣಗಿದಂತೆ ಕಂಡದ್ದು ಕೆನ್ನೆಗೆ ಥಂಡಿ ಹೊಡೆಯುತ್ತದೆ. ‘ನೀರಾರಿದೆ ಅಷ್ಟೆ, ಒಣಗಿಲ್ಲ’ ಅಂತ ಮತ್ತೆ ಗಳಕ್ಕೆ ಏರಿಸುತ್ತಿದ್ದಳು.

ಮ್ಯಾಂಚೆಸ್ಟರಿನ ಹವೆ ತೇವದ್ದು. ಆ ತೇವಕ್ಕೆ ಹತ್ತಿಯ ನೂಲು ಬೇಗ ತುಂಡಾಗುತ್ತಿರಲಿಲ್ಲ, ಊರು ಗಿರಣಿಗಳ ಊರಾಗಲು ಅದೂ ಒಂದು ಕಾರಣ ಅನ್ನುತ್ತಾರೆ. ಬಟ್ಟೆ ಹುಟ್ಟಲು ಲಾಯಕ್ಕಾದ ಹವೆ, ಒಣಗಲು ಅಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಒಂದು ಮಷಿನ್ ಬಟ್ಟೆ ಮನೆಯೊಳಗೆ ಹರವಿದರೆ ಎರಡು ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದಂತೆ. ಸೇರಿದ್ದು ಹೋಗುವುದೆಲ್ಲಿಗೆ? ಬೆಳಗ್ಗೆ ಕಿಟಕಿ ಗಾಜಿನ ಮೇಲೆ ಬೆವರು. ಹದಿನೈದು ದಿನಕ್ಕೆ ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು. ಕಿಟಕಿ ತೆಗೆಯಿರಿ ಅನ್ನುತ್ತಾರೆ ತಿಳಿದವರು. ತೆಗೆದರೆ, ದುಡ್ಡು ಕೊಟ್ಟು ತಂದ ಬಿಸಿಯೆಲ್ಲ ಬೀದಿಗೆ.

ಕರೆಂಟಿನ ಸ್ಟ್ಯಾಂಡು ತಂದೆವು, ತೇವ ಹೀರುವ ಡಿಹ್ಯುಮಿಡಿಫೈಯರ್ ತಂದೆವು. ಅದರ ಡಬ್ಬಿಯಲ್ಲಿ ತುಂಬಿದ ನೀರನ್ನು ಇವರು ದಿನಾ ಅಳೆದು ವರದಿ ಒಪ್ಪಿಸುತ್ತಿದ್ದರು, ಹಸು ಕರೆದವರ ಹಾಗೆ. ಕೆಲಸವೇನೋ ಮಾಡುತ್ತದೆ. ಆದರೆ ಅದರ ಗುರ್ ಗುರ್‌ಗೆ ನಿದ್ದೆ ಇಲ್ಲ.

ಪಕ್ಕದ ಮನೆಯ ಅಜ್ಜಿ ದಾರಿ ತೋರಿಸಿದರು. ಅವರ ಅಡಿಗೆಮನೆಯ ಸೂರಿನಲ್ಲಿ ನಾಲ್ಕು ಉದ್ದನೆಯ ಮರದ ಗಳ, ಎರಡು ತುದಿಗೆ ಎರಕದ ಕಬ್ಬಿಣದ ಹಿಡಿ, ಹಗ್ಗ, ರಾಟೆ. ವಿಕ್ಟೋರಿಯಾ ರಾಣಿಯ ಕಾಲದ ವ್ಯವಸ್ಥೆ, ಈಗಲೂ ಮಾರುತ್ತಾರೆ. ಇಳಿಸಿ ಬಟ್ಟೆ ಹಾಕಿ, ಎಳೆದು ಮೇಲೇರಿಸಿ, ಹಗ್ಗ ಸುತ್ತಿದರಾಯಿತು. ಒಲೆಯ ಬಿಸಿಗಾಳಿ ಮೇಲೇರಿ ಬಟ್ಟೆ ತಾಗುತ್ತದೆ. ಕಂಡಿದ್ದೇ ತಡ, ನಾವೂ ತಂದು ಹಾಕಿಸಿದೆವು.

ವಿಡಿಯೊ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. ‘ಅಷ್ಟು ದೂರ ಹೋಗಿ ಗಳ ಕಟ್ಟಿದೆಯೇನೇ!’ ಅಂತ ನಕ್ಕಳು. ಆಮೇಲೆ, ‘ಕೆನ್ನೆಗಿಟ್ಟು ನೋಡೇ’ ಅಂದಳು. ಹಗ್ಗ ಬಿಚ್ಚಿ ಇಳಿಸಿ, ಇವರ ಆಫೀಸಿನ ಶರ್ಟು ಕೆನ್ನೆಗಿಟ್ಟುಕೊಂಡೆ. ಒಣಗಿತ್ತು. ಜೊತೆಗೆ ಬೆಳಗಿನ ಹುಳಿಯ ಒಗ್ಗರಣೆ, ಇಂಗು ಸಮೇತ, ಕಾಲರಿನಲ್ಲಿ ಕೂತಿತ್ತು.

ಇವರಿಗೆ ಹೇಳಲಿಲ್ಲ. ಹಾಗೇ ಇಸ್ತ್ರಿ ಮಾಡಿ ಕೊಟ್ಟೆ.