ಒತ್ತಕ್ಷರಕ್ಕೆ ಜಾಗ ಬಿಟ್ಟವರಿಂದ ಕಲಿಯೋಣ

ಉಡುಪಿಯಲ್ಲಿ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು ಕಳೆದ ತಿಂಗಳು ಜಾಲತಾಣ ಕಟ್ಟುವ ಕೆಲಸ ಕಲಿಯಲೆಂದು ನಮ್ಮ ಮಂಗಳೂರಿನ ಕಚೇರಿಗೆ ಸೇರಿದಳು. ಒಂದು ವಾರ ಏನನ್ನೂ ಕಟ್ಟಬೇಡ, ಬೇರೆಯವರ ಜಾಲತಾಣಗಳನ್ನು ಬಿಚ್ಚಿ ನೋಡು ಎಂದೆ. ಅವಳ ಮುಖ ಸಪ್ಪಗಾಯಿತು. "ಅಕ್ಕ, ಅದು ಕಾಪಿ ಹೊಡೆದ ಹಾಗೆ ಆಗುವುದಿಲ್ಲವಾ?" ಎಂದು ಕೇಳಿದಳು.

ಆಗುವುದಿಲ್ಲ. ಈ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಟಿಮ್ ಬರ್ನರ್ಸ್-ಲೀ 1991ರಲ್ಲಿ ವೆಬ್ಬನ್ನು ಜಗತ್ತಿಗೆ ಬಿಟ್ಟುಕೊಟ್ಟಾಗಿನಿಂದಲೂ ಪುಟದ ಒಳಗು ಮುಚ್ಚಿಟ್ಟ ಗುಟ್ಟಲ್ಲ. ಯಾವ ಪುಟದಲ್ಲಾದರೂ ಮೌಸಿನ ಬಲಗುಂಡಿ ಒತ್ತಿ 'ಇನ್ಸ್‌ಪೆಕ್ಟ್' ಆರಿಸಿದರೆ ಬಣ್ಣ, ಅಳತೆ, ಅಂತರ ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ನಾನು ಈ ಕೆಲಸ ಕಲಿತದ್ದೇ ಹಾಗೆ. ಇನ್ನೊಬ್ಬರ ಬರಹ, ಚಿತ್ರ, ಲೋಗೋ ಎತ್ತಿಕೊಂಡರೆ ಅದು ಕಳ್ಳತನ, ಅದರಲ್ಲಿ ಎರಡು ಮಾತಿಲ್ಲ. ಅವರು ಎರಡು ಸಾಲುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂದು ಅಳೆದು ನೋಡುವುದು ಓದು.

ನನ್ನ ಬೇಸರ ಇರುವುದು ನಾವು ನೋಡುವ ರೀತಿಯಲ್ಲಿ. ಮೆರುಗು ಕಣ್ಣಿಗೆ ಬೀಳುತ್ತದೆ, ಅದನ್ನೇ ತರುತ್ತೇವೆ. ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಏರಿದೆ ಎಂದು ಫೋನ್ ಬಂದಾಗ ನಾನು ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತಿದ್ದೆ. ಊರಿನ ಒಂದು ಕ್ಲಿನಿಕ್ಕಿನ ತಾಣ ತೆರೆದೆ. ಮುಖಪುಟದಲ್ಲಿ ಒಂದರ ಹಿಂದೊಂದು ಸರಿಯುವ ದೊಡ್ಡ ಚಿತ್ರಗಳು. ಮುಲ್ಕಿಯಲ್ಲಿ ತೆರೆದ ಪುಟ ಪೂರ್ತಿ ಬರುವಾಗ ಬಸ್ಸು ಪಡುಬಿದ್ರಿ ತಲುಪಿತ್ತು. ಕೊನೆಗೆ ನಂಬರ್ ಸಿಕ್ಕಿತು, ಆದರೆ ಅದು ಚಿತ್ರದೊಳಗಿನ ನಂಬರ್. ಬೆರಳಿಟ್ಟರೆ ಕರೆ ಹೋಗುವುದಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು, ಹತ್ತು ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿದೆ. ಆ ತಾಣ ನೋಡಲು ಚೆಂದವಾಗಿಯೇ ಇತ್ತು.

ಹಾಗಾಗಿ ಹುಡುಗಿಗೆ ಮೊದಲು ತೋರಿಸಿದ್ದು ಬ್ರಿಟನ್ ಸರ್ಕಾರದ ಗವ್.ಯುಕೆ ತಾಣವನ್ನು. 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ಅತ್ಯುತ್ತಮ ವಿನ್ಯಾಸವೆಂದು ಪ್ರಶಸ್ತಿ ಕೊಟ್ಟದ್ದು ಇದಕ್ಕೆ. ತೆರೆದ ಕೂಡಲೇ ಅವಳು "ಇದರಲ್ಲಿ ಏನೂ ಇಲ್ಲವಲ್ಲ" ಎಂದಳು. ಏನೇನು ಇಲ್ಲ, ಪಟ್ಟಿ ಮಾಡು ಎಂದೆ. ಆ ಪಟ್ಟಿ ಮಾಡುವುದರಲ್ಲೇ ಒಂದು ದಿನ ಹೋಯಿತು, ಹೋಗಬೇಕಾದದ್ದೇ.

ಕನ್ನಡದ ವಿಷಯಕ್ಕೆ ಬಂದರೆ, ಇಂಗ್ಲಿಷ್ ತಾಣದ ಅಚ್ಚನ್ನು ಹಾಗೆಯೇ ಇಳಿಸಿಕೊಳ್ಳಲು ಆಗುವುದೇ ಇಲ್ಲ. ಇಂಗ್ಲಿಷಿನವರು ಮೆನುವನ್ನು, ಶೀರ್ಷಿಕೆಯನ್ನು ದೊಡ್ಡಕ್ಷರಗಳಲ್ಲಿ ಬರೆದು ಎದ್ದು ಕಾಣುವಂತೆ ಮಾಡುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ, ಆ ಕೆಲಸವನ್ನು ಗಾತ್ರ, ದಪ್ಪ, ಬಣ್ಣಗಳಿಂದಲೇ ಮಾಡಿಸಬೇಕು. 'ಕಾಂಟ್ಯಾಕ್ಟ್' ಹಿಡಿಸಿದ ಬಟನ್ನಿನಲ್ಲಿ 'ನಮ್ಮನ್ನು ಸಂಪರ್ಕಿಸಿ' ಎರಡು ಸಾಲಾಗಿ ಮುರಿಯುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಪೆಟ್ಟು ಒತ್ತಕ್ಷರಕ್ಕೆ. ನಾವಿಬ್ಬರೂ ಒಂದು ಕನ್ನಡ ಪುಟವನ್ನು ತೆರೆದು 'ರಾಷ್ಟ್ರ' ಎಂಬ ಒಂದೇ ಪದವನ್ನು ದೊಡ್ಡದು ಮಾಡಿ ನೋಡಿದೆವು. ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಸಾಲಿನ ಅಂತರ ಅಕ್ಷರದ ಗಾತ್ರದ 1.2 ಪಟ್ಟು ಇತ್ತು. ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗಿ ಎರಡು ಸಾಲೂ ಕಲಸಿಹೋಗಿದ್ದವು. ಇನ್ಸ್‌ಪೆಕ್ಟಿನಲ್ಲೇ ಅದನ್ನು 1.7 ಮಾಡಿದಳು. ಪುಟ ಉಸಿರಾಡಿತು. ಅವಳು ತುಂಬಾ ಹೊತ್ತು ಆ ಅಂಕಿಯನ್ನು ಏರಿಸಿ ಇಳಿಸಿ ನೋಡುತ್ತಲೇ ಇದ್ದಳು.

ಇದನ್ನು ಕಲಿಯಲು ಪರದೆಯನ್ನೇ ನೋಡಬೇಕೆಂದೂ ಇಲ್ಲ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಅದರ ಹಳೆಯ ಪುಟಗಳ ಸ್ಕ್ಯಾನ್ ತೆರೆದು ತೋರಿಸಿದೆ. ಸೀಸದ ಅಚ್ಚುಮೊಳೆಯ ಕಾಲದಲ್ಲಿ ಒತ್ತಕ್ಷರಕ್ಕೆ ಜಾಗ ಕೊಟ್ಟೇ ಸಾಲು ಜೋಡಿಸಬೇಕಿತ್ತು, ಒಂದು ಸಾಲು ಇನ್ನೊಂದರೊಳಗೆ ನುಗ್ಗಲು ಲೋಹ ಬಿಡುತ್ತಿರಲಿಲ್ಲ. ಇದೇ ಊರಿನಲ್ಲಿ ಅಷ್ಟು ಹಿಂದೆಯೇ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸವನ್ನು ನಾವು ಒಂದು ಅಂಕಿ ಬದಲಿಸದ ಸೋಮಾರಿತನಕ್ಕೆ ಕೆಡಿಸುತ್ತಿದ್ದೇವಲ್ಲ ಎಂದು ನನಗೆ ನಿಜಕ್ಕೂ ನೋವಾಗುತ್ತದೆ.

ಕಲಿಯುವವರು ಇನ್ನೆರಡು ಕಡೆ ಹೋಗಲೇಬೇಕು. ಪುಟದ ಬಣ್ಣ, ಅಳತೆ, ಅಂತರಗಳನ್ನು ಹೇಳುವ ಭಾಷೆಗೆ ಸಿಎಸ್‌ಎಸ್ ಎನ್ನುತ್ತಾರೆ. ಡೇವ್ ಶೇ ಎಂಬ ವಿನ್ಯಾಸಕ 2003ರಲ್ಲಿ ಶುರು ಮಾಡಿದ ಸಿಎಸ್‌ಎಸ್ ಜೆನ್ ಗಾರ್ಡನ್‌ನಲ್ಲಿ ಒಂದೇ ಬರಹ ಹತ್ತಾರು ವೇಷ ತೊಟ್ಟು ಬರುತ್ತದೆ, ವೇಷ ಬದಲಿಸುವುದು ಸಿಎಸ್‌ಎಸ್ ಮಾತ್ರ. ಇನ್ನೊಂದು ವೇಬ್ಯಾಕ್ ಮಷೀನ್. ನಿಮಗೆ ಇಷ್ಟವಾದ ತಾಣದ ಹಳೆಯ ರೂಪಗಳನ್ನು ಅದರಲ್ಲಿ ವರ್ಷವಾರು ನೋಡಬಹುದು. ಒಳ್ಳೆಯ ತಾಣಗಳೂ ಎಷ್ಟು ಸಲ ಎಡವಿ ಈ ರೂಪಕ್ಕೆ ಬಂದಿವೆ ಎಂಬುದು ಅಲ್ಲಿ ಕಾಣುತ್ತದೆ.

ವಾರ ಕಳೆದ ಮೇಲೆ ಅವಳು ಮೊಬೈಲ್ ಹಿಡಿದುಕೊಂಡು ಬಂದಳು. ತನ್ನೂರಿನ ಅಂಗಡಿಯೊಂದರ ಪುಟವನ್ನು ಅಭ್ಯಾಸಕ್ಕೆಂದು ಹೊಸದಾಗಿ ಕಟ್ಟಿದ್ದಳು. ಸರಿಯುವ ಚಿತ್ರಗಳಿರಲಿಲ್ಲ. ಫೋನ್ ನಂಬರ್ ಪುಟದ ಕೆಳತುದಿಯಲ್ಲಿ, ಹೆಬ್ಬೆರಳು ತಲುಪುವಲ್ಲಿ ಇತ್ತು. "ಬಸ್ಸಿನಲ್ಲಿ ನಿಂತು ಒತ್ತಿ ನೋಡಿದೆ ಅಕ್ಕ, ಒಂದು ಕೈಯಲ್ಲೇ ಆಗುತ್ತದೆ" ಎಂದಳು.