ಎಲೆ ಉದುರುವ ಕಾಲದ ಉಸಾಬರಿ

ಎಲೆ ಉದುರುವ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಚಳಿಗಾಲ ಕಾಲಿಡುವ ಮುನ್ನ ಕೈತೋಟವನ್ನು ಗುಡಿಸಿ, ಕತ್ತರಿಸಿ, ಒಣಗಿದ್ದನ್ನೆಲ್ಲ ಕಿತ್ತೊಗೆದು ಬಯಲು ಮಾಡಬೇಕೆನ್ನುವುದು ನನ್ನ ಹೆಂಡತಿಯ ಪಕ್ಷ. ಬಿದ್ದದ್ದು ಬಿದ್ದಲ್ಲೇ ಇರಲಿ, ಒಣಗಿದ್ದು ನಿಂತಲ್ಲೇ ನಿಲ್ಲಲಿ ಎನ್ನುವುದು ನನ್ನದು. ಮೊದಲನೆಯ ಪಕ್ಷಕ್ಕೆ ಬಹುಮತವಿದೆ, ಕಸಬರಿಗೆಯಿದೆ, ಮಗಳ ಬೆಂಬಲವಿದೆ. ಎರಡನೆಯದಕ್ಕೆ ಇರುವುದು ವಿಜ್ಞಾನ ಮಾತ್ರ. ವಿಜ್ಞಾನಕ್ಕೆ ನಮ್ಮ ಮನೆಯಲ್ಲಿ ಮತದಾನದ ಹಕ್ಕಿಲ್ಲ.

ಆದರೂ ವಾದ ಮಂಡಿಸದೆ ಬಿಡುವವನು ನಾನಲ್ಲ. ಮರ ತನ್ನ ಎಲೆಯನ್ನು ಸುಮ್ಮನೆ ಬಿಸಾಡುವುದಿಲ್ಲ. ಉದುರಿಸುವ ಮೊದಲು ಅದರಲ್ಲಿರುವ ಸಾರಜನಕವನ್ನೂ ಉಳಿದ ಸತ್ವವನ್ನೂ ಆದಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಕರಗಿದಾಗ, ಮೊದಲಿನಿಂದಲೂ ಅದರಡಿ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೊನೆಗೆ ತೊಟ್ಟಿನ ಬುಡದಲ್ಲಿ ಪದರವೊಂದನ್ನು ಕಟ್ಟಿ, ಗಾಯವಾಗದಂತೆ ಬಾಗಿಲು ಮುಚ್ಚಿಕೊಂಡು ಎಲೆಯನ್ನು ಕೆಳಗೆ ಬಿಡುತ್ತದೆ. ಇಷ್ಟು ಚೊಕ್ಕವಾಗಿ ಲೆಕ್ಕ ಚುಕ್ತಾ ಮಾಡಿಕೊಂಡು ಬಂದ ಎಲೆಯನ್ನು ಕಸ ಎನ್ನುವುದು ಅನ್ಯಾಯ. ಮೂಲೆಯಲ್ಲಿ ರಾಶಿ ಹಾಕಿ, ತೇವ ಆರದಂತೆ ನೋಡಿಕೊಂಡರೆ ಒಂದೆರಡು ವರ್ಷದಲ್ಲಿ ಕಪ್ಪನೆಯ ಎಲೆಗೊಬ್ಬರ ಸಿದ್ಧ.

"ರೀ, ನನ್ನ ತಂಗಿ ಬರುವುದು ಈ ಭಾನುವಾರ" ಎಂದು ಹೆಂಡತಿ ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟಳು.

ಹುಲ್ಲುಹಾಸಿನ ಮಟ್ಟಿಗೆ ಅವಳ ಮಾತು ಸರಿ. ಎಲೆ ದಪ್ಪಗೆ ಕವಿದರೆ ಬೆಳಕು, ಗಾಳಿ ಸಿಗದೆ ಹುಲ್ಲು ಕೊಳೆಯುತ್ತದೆ. ಹಾಗೆಂದು ಗುಡಿಸಿ ಗುಡ್ಡೆ ಹಾಕಿದೆ. ಗುಡ್ಡೆ ನನ್ನ ಮೊಣಕಾಲಿನ ಎತ್ತರಕ್ಕೆ ಬರುವುದನ್ನೇ ಕಾಯುತ್ತಿದ್ದ ಗಾಳಿ ಎದ್ದು, ಅಷ್ಟನ್ನೂ ಬೇಲಿಯಾಚೆ ದಾಟಿಸಿತು. ಪಕ್ಕದ ಮನೆಯ ಹಿರಿಯರು ನಿವೃತ್ತರು. ಬೇಲಿಯ ಬಳಿ ನಿಲ್ಲುವುದು ಅವರ ಪೂರ್ಣಾವಧಿ ಉದ್ಯೋಗ. "ನಿಮ್ಮ ಎಲೆಗಳು ನಮ್ಮ ಕಡೆಗೆ ಬಂದಿವೆ" ಎಂದರು. ನಮ್ಮಲ್ಲಿ ಮೇಪಲ್ ಮರವೇ ಇಲ್ಲ, ಇರುವುದು ಅವರಲ್ಲಿ. "ತವರಿಗೆ ಹೋಗಿವೆ ಸಾರ್, ನಾಲ್ಕು ದಿನ ಇದ್ದು ಬರಲಿ" ಎಂದೆ. ಅವರು ನಗಲಿಲ್ಲ. ಎಲೆಗಳು ಮಾತ್ರ ಸಂಜೆಯ ಗಾಳಿಗೆ ಹಿಂದಿರುಗಿದವು.

ನನ್ನ ಪಕ್ಷಕ್ಕೆ ಬಲ ಬಂದದ್ದು ಅನಿರೀಕ್ಷಿತವಾಗಿ. ಅಮ್ಮನ ಆಜ್ಞೆಯಂತೆ ಒಣಗಿದ ಗಿಡಗಳನ್ನು ಬುಡಕ್ಕೆ ಕತ್ತರಿಸುತ್ತಿದ್ದ ಮಗಳು ಒಂದು ಟೊಳ್ಳು ಕಾಂಡವನ್ನು ಸೀಳಿದಳು. ಒಳಗೆ ಗುಲಗಂಜಿ ಹುಳುಗಳು ಒತ್ತೊತ್ತಾಗಿ, ಒಂದರ ಬೆನ್ನಿಗೆ ಇನ್ನೊಂದರ ಮುಖವಿಟ್ಟು, ಕಾಲು ಮಡಚಿಕೊಂಡು ಕುಳಿತಿದ್ದವು. ಒಂದು ಮಾತ್ರ ಬೆಳಕು ತಾಗಿ ಒಂದು ಕಾಲನ್ನು ಚಾಚಿ, ಮತ್ತೆ ಒಳಗೆ ಎಳೆದುಕೊಂಡಿತು. ಬೇಸಿಗೆಯಲ್ಲಿ ಗಿಡಹೇನುಗಳನ್ನು ತಿಂದು ಗುಲಾಬಿಯನ್ನು ಉಳಿಸುವುದು ಇವೇ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಮಗಳು ಕತ್ತರಿಯನ್ನು ಕೆಳಗಿಟ್ಟು ಪಕ್ಷಾಂತರ ಮಾಡಿದ್ದಳು. ಕಾಂಡವನ್ನು ದಾರದಿಂದ ಮತ್ತೆ ಕಟ್ಟಿ ನಿಲ್ಲಿಸಿ, "ಒಳಗೆ ಮಲಗಿದ್ದಾರೆ, ಗಲಾಟೆ ಮಾಡಬೇಡಿ" ಎಂದು ರಟ್ಟಿನ ಮೇಲೆ ಬರೆದು ನೆಟ್ಟಳು. ಕಪ್ಪು ಚುಕ್ಕೆ ರೋಗ ತಗುಲಿದ ಗುಲಾಬಿಯ ಎಲೆಗಳನ್ನು ಮಾತ್ರ ಆಯ್ದು ತೆಗೆಯಬೇಕು. ಆ ರೋಗ ಬಿದ್ದ ಎಲೆಯಲ್ಲೇ ಚಳಿಗಾಲ ಕಳೆದು ವಸಂತದಲ್ಲಿ ಮತ್ತೆ ಹತ್ತುತ್ತದೆ. ಆ ಕೆಲಸ ರಾಜಿ ಸೂತ್ರದ ಪ್ರಕಾರ ನನಗೆ ಬಂತು. ಮುಳ್ಳು ನನಗೆ, ಸಿದ್ಧಾಂತ ಮಗಳಿಗೆ.

ಇನ್ನು ಗೆಡ್ಡೆ ನೆಡುವ ಶಾಸ್ತ್ರ. ಟುಲಿಪ್ ಗೆಡ್ಡೆಗೆ ಹಲವು ವಾರಗಳ ಚಳಿ ತಗುಲದಿದ್ದರೆ ವಸಂತದಲ್ಲಿ ಸರಿಯಾಗಿ ಹೂ ಬಿಡುವುದಿಲ್ಲ. ಆದ್ದರಿಂದ ಈಗಲೇ, ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳಕ್ಕೆ, ಮೊನೆ ಮೇಲಾಗಿ ಹೂಳಬೇಕು. ಹೂಳುವಾಗ ಗೋಡೆಯ ಮೇಲೊಂದು ಅಳಿಲು ಕುಳಿತು ಮೇಲ್ವಿಚಾರಣೆ ಮಾಡುತ್ತಿತ್ತು. ಮಣ್ಣು ಮುಚ್ಚಿದ ಕಡೆಯಲ್ಲೆಲ್ಲ ಅದರ ತಲೆ ಆಡಿದ್ದನ್ನು ನಾನು ಮೆಚ್ಚುಗೆ ಎಂದುಕೊಂಡಿದ್ದೆ. ಅದು ಗುರುತು ಹಾಕಿಕೊಳ್ಳುತ್ತಿತ್ತು. ಬೆಳಗಾಗುವಾಗ ಪಾತಿಯ ತುಂಬ ಅಚ್ಚುಕಟ್ಟಾದ ಗುಂಡಿಗಳು. 1637ರ ಫೆಬ್ರುವರಿಯಲ್ಲಿ ಹಾಲೆಂಡಿನ ಟುಲಿಪ್ ಮಾರುಕಟ್ಟೆ ಕುಸಿದು ಗೆಡ್ಡೆ ನಂಬಿದವರು ಕೈಸುಟ್ಟುಕೊಂಡರಂತೆ. ಅಳಿಲುಗಳು ಅಂದೂ ಇಂದೂ ಲಾಭದಲ್ಲೇ ಇವೆ. ಉಳಿದ ಗೆಡ್ಡೆಗಳ ಮೇಲೆ ತಂತಿಯ ಜಾಲರಿ ಹಾಸಿದೆ. ಡ್ಯಾಫೊಡಿಲ್ ಗೆಡ್ಡೆಗಳಿಗೆ ಅದೂ ಬೇಡ. ಅವು ವಿಷ, ಅಳಿಲಿಗೆ ಅದು ಗೊತ್ತು. ಅಳಿಲಿಗೆ ಗೊತ್ತಿರುವುದು ಇನ್ನೂ ಎಷ್ಟಿದೆಯೋ.

ರಾತ್ರಿಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತಿದ್ದಂತೆ ಚಳಿ ತಾಳದ ಕುಂಡಗಳು ಮನೆಯೊಳಗೆ ಬರಬೇಕು. ಹೊರಗಿದ್ದಾಗ ಹಿಡಿಯಷ್ಟಿದ್ದ ಗಿಡಗಳು ಬಾಗಿಲು ದಾಟುವಾಗ ಹೇಗೆ ಅಷ್ಟು ದೊಡ್ಡವಾಗುತ್ತವೆಯೋ ತಿಳಿಯದು. ಕಿಟಕಿಯ ಬಳಿಯ ಜಾಗವೆಲ್ಲ ಅವುಗಳ ಪಾಲಾಯಿತು. ಅತ್ತೆಯವರು ಕೂರುವ ಕುರ್ಚಿಯ ಹಿಂದೆ ನಿಂತ ಜರಿಗಿಡ ಅವರ ಕುತ್ತಿಗೆಯನ್ನು ಸವರತೊಡಗಿತು. ಅವರು ಮೊದಮೊದಲು ಸೊಳ್ಳೆಯೆಂದು ಹೊಡೆದುಕೊಂಡರು, ಆಮೇಲೆ ಅಳಿಯನ ಕಡೆ ನೋಡಿದರು.

ಕುಂಡ ಒಂಟಿಯಾಗಿ ಬರುವುದಿಲ್ಲ, ಸಂಸಾರ ಸಮೇತ ಬರುತ್ತದೆ. ಎಲೆಯ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕಾಣುವ ಹಿಟ್ಟು ತಿಗಣೆ, ಬುಡದಲ್ಲಿ ಇರುವೆಯ ಊರು, ತಳದ ತೂತಿನಲ್ಲಿ ಬಸವನಹುಳು. ಒಳಗೆ ತರುವ ಮುನ್ನ ಎಲೆಯ ಅಡಿಭಾಗವನ್ನು ಒರೆಸಿ, ಕುಂಡವನ್ನು ಸ್ವಲ್ಪ ಹೊತ್ತು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಹೆಚ್ಚಿನ ಬಾಡಿಗೆದಾರರು ಹೊರಬೀಳುತ್ತಾರೆ. ಹೊರಬಿದ್ದವರು ಎಲ್ಲಿಗೆ ಹೋದರು ಎಂಬುದು ಮಾತ್ರ ನಡುರಾತ್ರಿ ಬಚ್ಚಲುಮನೆಯ ದೀಪ ಹಾಕಿದ ನಾದಿನಿಗೆ ಗೊತ್ತಾಯಿತು. ಬಸವನಹುಳುವಿಗೆ ಹೆದರುವಂಥದ್ದೇನೂ ಇಲ್ಲವೆಂದು ನಾನು ಬಾಗಿಲಿನ ಹೊರಗಿನಿಂದ ವಿವರಿಸಿದೆ. ಅವಳು ಬಂದದ್ದು ವಾರವಿಡೀ ಇರಲು. ಮರುದಿನ ಅವಳಿಗೆ ತುರ್ತು ಕೆಲಸ ನೆನಪಾಯಿತು.

ಜಾಗ ಬದಲಾದರೆ ಎಲೆ ಉದುರಿಸುವುದು ಫೈಕಸ್ ಗಿಡದ ಜಾಯಮಾನ. ಅದು ಪಡಸಾಲೆಯಲ್ಲಿ ತನ್ನದೇ ಶರತ್ಕಾಲವನ್ನು ಆರಂಭಿಸಿತು. ಬೆಳಕು ಕಡಿಮೆಯಾದಾಗ ಗಿಡಗಳಿಗೆ ನೀರೂ ಕಡಿಮೆ ಸಾಕು. ಆದರೆ ಬಾಡಿದ ಗಿಡ ಕಂಡರೆ ಮನೆಯವರೆಲ್ಲ ಒಬ್ಬರಿಗೊಬ್ಬರು ತಿಳಿಯದಂತೆ ಕರುಣೆ ತೋರಿಸಿ ಬೇರು ಕೊಳೆಸುತ್ತಾರೆ.

ಹೊರಗಿನ ನಲ್ಲಿಯ ನೀರನ್ನೂ ಪೈಪಿನ ನೀರನ್ನೂ ಬಸಿದಾಯಿತು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪು ಅಷ್ಟು ಹಿಗ್ಗಲಾರದು. ಸುರುಳಿ ಸುತ್ತುವಾಗ ಪೈಪಿನಲ್ಲಿ ಉಳಿದಿದ್ದ ನೀರೆಲ್ಲ ನನ್ನ ತೋಳಿನೊಳಗೆ ಇಳಿದು ಮೊಣಕೈಯಲ್ಲಿ ತಂಗಿತು.

ಉಳಿದದ್ದು ಚೆಂಡುಹೂವಿನ ಸಾಲು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ ಗಿಡಗಳ ಮೇಲೆ ಹಿಮ ಕಟ್ಟುತ್ತದೆ. ಸಂಜೆಯೇ ಬಟ್ಟೆ ಹೊದಿಸಿ, ಅಂಚು ನೆಲಕ್ಕೆ ತಾಗುವಂತೆ ಬಿಟ್ಟರೆ ನೆಲದ ಕಾವು ಒಳಗೇ ಉಳಿಯುತ್ತದೆ. ಹಳೆಯ ಬೆಡ್‌ಶೀಟ್ ಸಾಕು ಎಂಬುದರಲ್ಲಿ ಯಾರದೂ ತಕರಾರಿರಲಿಲ್ಲ. ಹಳೆಯದು ಯಾವುದು ಎಂಬುದರಲ್ಲಿ ನನಗೂ ಹೆಂಡತಿಗೂ ಈಗಲೂ ಭಿನ್ನಾಭಿಪ್ರಾಯವಿದೆ. ಬೆಳಿಗ್ಗೆ ಬೆಡ್‌ಶೀಟುಗಳು ಹೆಪ್ಪುಗಟ್ಟಿ, ಮಡಿಕೆಗಳ ಸಮೇತ, ಹಿಡಿದವರಿಲ್ಲದೆ ತಾವಾಗಿಯೇ ನಿಂತಿದ್ದವು. ಅಡಿಯಲ್ಲಿ ಚೆಂಡುಹೂಗಳು ಒಂದೂ ಮಾಸದೆ ಇದ್ದವು. ಮಬ್ಬಿನಲ್ಲಿ ನಡೆಯಲು ಹೊರಟಿದ್ದ ಪಕ್ಕದ ಮನೆಯ ಹಿರಿಯರು ಬೇಲಿಯ ಬಳಿ ಬಹಳ ಹೊತ್ತು ನಿಂತು, "ರಾತ್ರಿ ನಿಮ್ಮಲ್ಲಿ ಏನಾದರೂ ಪೂಜೆಯಿತ್ತೇ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಮರುದಿನ ರಾತ್ರಿ ಚಳಿ ಇನ್ನೂ ಹೆಚ್ಚಿತ್ತು. ಬೆಡ್‌ಶೀಟುಗಳು ಒಗೆಯುವ ಯಂತ್ರದಲ್ಲಿದ್ದವು. ಬೆಳಿಗ್ಗೆ ಕಪ್ಪಾಗಿ ನೆಲಕ್ಕೊರಗಿದ ಚೆಂಡುಹೂವಿನ ಸಾಲನ್ನು ನಾನು ನೋಡುತ್ತ ನಿಂತಿರುವಾಗ, ಆಗಲೇ ಕೈಗವಸು ತೊಟ್ಟು ಸಲಿಕೆ ಹಿಡಿದು ಬಂದಿದ್ದ ಹೆಂಡತಿ ಬಹಳ ಮೃದುವಾಗಿ ಕೇಳಿದಳು: "ಇದನ್ನಾದರೂ ಕೀಳಬಹುದೋ, ಇಲ್ಲ ಇದರೊಳಗೂ ಯಾರಾದರೂ ಮಲಗಿದ್ದಾರೋ?"