ಜೋಂಗಾದ ಬಾನೆಟ್ಟಿಗೆ ಅಮೆರಿಕದ ನಕ್ಷತ್ರ ಬೇಡ

ಬೆಂಗಳೂರಿನಲ್ಲಿ ಹಳೆಯ ವಾಹನಗಳ ಮೆರವಣಿಗೆ ನಡೆದಾಗಲೆಲ್ಲ ಜನ ಮೊದಲು ಮುತ್ತಿಕೊಳ್ಳುವುದು ಸೇನೆಯ ವಾಹನಗಳನ್ನು. ಥಳಥಳಿಸುವ ವಿದೇಶಿ ಕಾರಿನ ಹತ್ತಿರ ಹೋಗಲು ಸಂಕೋಚಪಡುವವರೂ ಜೀಪು ಕಂಡರೆ ಕೈ ಚಾಚುತ್ತಾರೆ. ಅಪ್ಪಂದಿರು ಮಕ್ಕಳನ್ನು ಎತ್ತಿ ಸ್ಟೇರಿಂಗಿನ ಹಿಂದೆ ಕೂರಿಸುತ್ತಾರೆ. ಗುಂಪಿನಲ್ಲಿ ಒಬ್ಬರಾದರೂ ನಿವೃತ್ತ ಹವಾಲ್ದಾರರು ಇದ್ದೇ ಇರುತ್ತಾರೆ. ಇದನ್ನು ನಾನು ಎಲ್ಲೆಲ್ಲಿ ಓಡಿಸಿದ್ದೇನೆ ಗೊತ್ತೇ ಎಂದು ಪಕ್ಕದವರಿಗೆ ಹೇಳಲು ಶುರುಮಾಡುತ್ತಾರೆ. ಇದೆಲ್ಲ ನನಗೆ ಬಹಳ ಇಷ್ಟ. ಇಷ್ಟವಿರುವುದರಿಂದಲೇ ಒಂದು ದೂರು ಹೇಳಬೇಕಾಗಿದೆ: ಆ ಜೀಪುಗಳಲ್ಲಿ ಎಷ್ಟೋ ಯಾರದೋ ವೇಷ ತೊಟ್ಟು ಬರುತ್ತಿವೆ.

ಬಾನೆಟ್ಟಿನ ಮೇಲೆ ಅಗಲವಾದ ಬಿಳಿ ನಕ್ಷತ್ರ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತನ್ನ ವಾಹನಗಳಿಗೆ ಬಳಿದ ಗುರುತು ಅದು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಅವುಗಳಲ್ಲೊಂದು ನಿಜವಾಗಿ ನಿಮ್ಮ ಬಳಿ ಇದ್ದು, ಅದು ಅಮೆರಿಕದವರ ಕೈಯಲ್ಲೇ ದುಡಿದದ್ದೆಂಬುದಕ್ಕೆ ಆಧಾರವೂ ಇದ್ದರೆ ಧಾರಾಳವಾಗಿ ನಕ್ಷತ್ರ ಬಳಿಯಿರಿ. ಯುದ್ಧಕಾಲದಲ್ಲಿ ನಮ್ಮ ಎಚ್‌ಎಎಲ್‌ನಲ್ಲೇ ಅಮೆರಿಕದ ವಾಯುಪಡೆಯವರು ವಿಮಾನಗಳ ದುರಸ್ತಿ ನಡೆಸುತ್ತಿದ್ದರು, ಹಾಗಾಗಿ ಅಂಥ ಜೀಪುಗಳು ಈ ಊರಿನ ರಸ್ತೆಗಳಲ್ಲಿ ಓಡಿರಲೂ ಸಾಕು. ಆದರೆ 1947ರಲ್ಲಿ ಶುರುವಾದ ಮಹೀಂದ್ರ ಜೀಪಿಗೆ, ಮಲೆನಾಡಿನ ಕಾಫಿ ತೋಟದಲ್ಲಿ ಬದುಕು ಸವೆಸಿದ ಗಾಡಿಗೆ ಆ ನಕ್ಷತ್ರ ಯಾಕೆ? ಜೋಂಗಾಕ್ಕಂತೂ ಯಾವ ಲೆಕ್ಕದಲ್ಲೂ ಸಲ್ಲದು. ಜೀಪಿನಂಥದೇ ಆದ ಆ ಗಾಡಿ ನಿಸ್ಸಾನ್ ಕಂಪನಿಯ ವಿನ್ಯಾಸದ ಮೇಲೆ ಜಬಲ್ಪುರದಲ್ಲಿ 1969ರಿಂದ ತಯಾರಾದದ್ದು, ನಮ್ಮ ಸೈನ್ಯಕ್ಕಾಗಿಯೇ ತಯಾರಾದದ್ದು.

ನಮ್ಮ ವಾಹನಗಳಿಗೆ ನಮ್ಮವೇ ಗುರುತುಗಳಿದ್ದವು. ಮಹಾಯುದ್ಧದ ಕಾಲದಲ್ಲಿ ನಾಲ್ಕನೆಯ ಭಾರತೀಯ ಡಿವಿಜನ್ ಕೆಂಪು ಹದ್ದಿನ ಚಿಹ್ನೆ ಹೊತ್ತು ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಓಡಾಡಿತು. ಬರ್ಮಾದಲ್ಲಿ ಕಾದಾಡಿದ ಹದಿನೇಳನೆಯ ಡಿವಿಜನ್ನಿನದು ಕರಿಬೆಕ್ಕು. ಐದನೆಯದರದು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ವೃತ್ತ. ಇವುಗಳನ್ನು ಬಳಿದ ಒಂದು ಜೀಪನ್ನೂ ನಾನು ಬೆಂಗಳೂರಿನ ಮೆರವಣಿಗೆಯಲ್ಲಿ ಕಂಡಿಲ್ಲ. ಇನ್ನು 1965ರ ಯುದ್ಧವನ್ನು ನೆನೆಯಿರಿ. ಖೇಮ್‌ಕರಣ್ ಬಳಿಯ ಕಬ್ಬಿನ ಗದ್ದೆಗಳಲ್ಲಿ 4 ಗ್ರೆನೇಡಿಯರ್ಸ್ ಪಡೆಯ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ ರಿಕಾಯಿಲ್‌ಲೆಸ್ ಗನ್ನಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದುರುಳಿಸಿ, ಸೆಪ್ಟೆಂಬರ್ 10ರಂದು ಪ್ರಾಣ ಕೊಟ್ಟರು. ಮರಣೋತ್ತರವಾಗಿ ಅವರಿಗೆ ಪರಮವೀರ ಚಕ್ರ ಬಂತು. ಆ ಪ್ಯಾಟನ್ ಟ್ಯಾಂಕುಗಳು ಅಮೆರಿಕದಲ್ಲಿ ತಯಾರಾಗಿ ಪಾಕಿಸ್ತಾನಕ್ಕೆ ಬಂದಂಥವು. ಇಂಥ ಚರಿತ್ರೆಯ ಜೀಪಿನ ಮೇಲೆ ಅಮೆರಿಕದ ನಕ್ಷತ್ರ ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಗೆಳೆಯರೊಬ್ಬರು ಜೋಂಗಾ ಒಂದನ್ನು ಕೊಂಡು ಶಿವಾಜಿನಗರದ ಹಿಂದಿನ ಶೆಡ್ಡಿಗೆ ತಂದರು. ಮೇಲೆ ಮೆರೂನ್ ಬಣ್ಣ, ಮುಂದೆ ಕ್ರೋಮಿನ ಪೈಪು, ಸೀಟಿಗೆ ಹುಲಿಪಟ್ಟೆಯ ಹೊದಿಕೆ. ಟಿಂಕರ್ ಮೇಸ್ತ್ರಿ ಕ್ರೋಮ್ ಪೈಪನ್ನು ಬಿಚ್ಚಿ ಹಾಕಿ, ಅದರ ಹಿಂದಿನ ದಪ್ಪ ಉಕ್ಕಿನ ಬಂಪರಿಗೆ ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಉಜ್ಜತೊಡಗಿದರು. ಮೆರೂನ್ ಹೋಯಿತು. ಅದರಡಿಯ ಬಿಳಿ ಹೋಯಿತು. ಆಮೇಲೆ ಬೂದು ಪ್ರೈಮರ್. ಅದರ ಕೆಳಗೆ ಮಾಸಿದ ಹಸಿರು ಕಾಣಿಸಿದ್ದೇ ಮೇಸ್ತ್ರಿ ಕೈ ನಿಲ್ಲಿಸಿ ಬೆರಳಿನಿಂದ ಒರೆಸಿದರು. ಮೇಲ್ಮುಖವಾದ ಒಂದು ಬಾಣ, ಪಕ್ಕದಲ್ಲಿ ಕೈಯಿಂದ ಬರೆದ ಬಿಳಿ ಅಂಕೆಗಳು. ಸೇನೆಯ ನಂಬರಿನಲ್ಲಿ ಬಾಣದ ಜೊತೆಗಿನ ಮೊದಲ ಎರಡು ಅಂಕೆ ವಾಹನ ಸೇನೆಗೆ ಸೇರಿದ ವರ್ಷವನ್ನು ಹೇಳುತ್ತವೆ. “ಸರ್, ಇದನ್ನೂ ಉಜ್ಜಿ ತೆಗೆಯಬೇಕೇ?” ಎಂದು ಮೇಸ್ತ್ರಿ ಕೇಳಿದರು. “ಬೇಡಿ ಮೇಸ್ತ್ರಿಗಳೇ, ಹಾಗೇ ಬಿಡಿ” ಎಂದರು ಗೆಳೆಯರು. ಆ ಪಟ್ಟಿಯಷ್ಟಕ್ಕೆ ಬಣ್ಣವಿಲ್ಲದ ಲ್ಯಾಕರ್ ಹೊಡೆದು ಅದನ್ನು ಉಳಿಸಿಕೊಂಡಿದ್ದಾರೆ. ರಸ್ತೆಗೆ ಇಳಿಯುವಾಗ ಅದರ ಮೇಲೆ ಬಟ್ಟೆ ಕಟ್ಟುತ್ತಾರೆ, ಏಕೆಂದರೆ ಬಾಣದ ನಂಬರು ತೋರಿಸಿಕೊಂಡು ಓಡಾಡುವ ಹಕ್ಕು ನಮ್ಮಂಥ ನಾಗರಿಕರಿಗಿಲ್ಲ. ಇರಲೂ ಬಾರದು.

ಜೀರ್ಣೋದ್ಧಾರ ಎಂದರೆ ನನ್ನ ಲೆಕ್ಕದಲ್ಲಿ ಇದು. ಗ್ರೈಂಡರ್ ಹಿಡಿದು ಒಂದೇ ದಿನದಲ್ಲಿ ತಗಡು ಬೆಳ್ಳಗೆ ಮಾಡಿ, ಪುಟ್ಟಿ ಮೆತ್ತಿ, ಹೊಸ ಬಣ್ಣ ಹೊಡೆದರೆ ಗಾಡಿ ಚೆನ್ನಾಗಿ ಕಾಣುತ್ತದೆ, ಆದರೆ ಅದರ ದಾಖಲೆ ಶೆಡ್ಡಿನ ಚರಂಡಿಗೆ ಹೋಗಿರುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ನೆಲದಡಿಯ ತಗಡಿನ ಕಾಲುವೆಗಳೊಳಗೆ ಬಲಕ್ಕೆಂದು ಮರದ ಪಟ್ಟಿ ತುಂಬಿರುತ್ತಿದ್ದರು. ಮರ ನೀರು ಹಿಡಿದು ತಗಡನ್ನು ಒಳಗಿನಿಂದಲೇ ತಿಂದುಬಿಡುತ್ತದೆ. ಅಲ್ಲಿ ಹೊಸ ತಗಡು ಹಾಕದೆ ಗತಿಯಿಲ್ಲ, ಹಾಕಲಿ. ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗಿದ್ದು, ಬಂಕಿನಲ್ಲಿ ಪ್ರತಿ ಸಲ ಸೀಟು ಎತ್ತಬೇಕಾಗುತ್ತದೆ, ಅದನ್ನು ಬದಲಿಸಬೇಡಿ. ಹೆಡ್‌ಲೈಟನ್ನು ಹಿಂದಕ್ಕೆ ತಿರುಗಿಸಿದರೆ ಎಂಜಿನ್ನಿಗೆ ಬೆಳಕು ಬೀಳುತ್ತದೆ, ರಾತ್ರಿ ದುರಸ್ತಿಗೆಂದೇ ಮಾಡಿದ ಏರ್ಪಾಡು. ಆ ಕೀಲು ತುಕ್ಕು ಹಿಡಿದಿದೆಯೆಂದು ವೆಲ್ಡಿಂಗ್ ಮಾಡಿ ಕೂರಿಸಿದವರನ್ನು ನೋಡಿದ್ದೇನೆ. ಅಲ್ಲಿಗೆ ಮುಗಿಯಿತು, ಇನ್ನು ಯಾವ ಮಗುವಿಗೂ ಅದನ್ನು ತಿರುಗಿಸಿ ತೋರಿಸಲಾಗದು.

ಜೋಂಗಾದ ಎಂಜಿನ್ ಬದಲಿಸುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆರು ಸಿಲಿಂಡರಿನ, 3,956 ಸಿಸಿಯ ಪೆಟ್ರೋಲ್ ಎಂಜಿನ್ ಸಾಕುವುದು ಸುಲಭವಲ್ಲ. ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಬಿಡಿಭಾಗ ಸಿಗುತ್ತದೆಂಬ ಭರವಸೆಯಿಲ್ಲ. ಡೀಸೆಲ್ ಎಂಜಿನ್ ಕೂರಿಸಿಕೊಂಡು ತೋಟಕ್ಕೆ ಹೋಗಿಬರುವವರ ಬಗ್ಗೆ ನನ್ನ ಆಕ್ಷೇಪವಿಲ್ಲ. ಮೆರವಣಿಗೆಯಲ್ಲಿ ಮಾತ್ರ ಅದನ್ನು ಅಸಲಿ ಎಂದು ತೋರಿಸಬಾರದು.

ಇನ್ನು ಕಾನೂನಿನ ಮಾತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದದ್ದು ಒಳ್ಳೆಯ ಕೆಲಸ. ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು; ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು; ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ; ನಂಬರಿನಲ್ಲಿ ‘ವಿಎ’ ಅಕ್ಷರಗಳು. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ, ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಷ್ಟಕ್ಕೇ. ಎಲ್ಲ ಸರಿ. ಆದರೆ ಸೇನೆಯ ವಾಹನದ ಮೊದಲ ನೋಂದಣಿ ಯಾವುದು? ಹರಾಜಿನಲ್ಲಿ ಕೊಂಡವರು ಆರ್‌ಟಿಒ ಕಚೇರಿಗೆ ಹೋದ ದಿನವೇ, ಅದು ಸೇನೆಗೆ ಸೇರಿದ ದಿನವೇ? ಮೋಟಾರು ವಾಹನ ಕಾಯ್ದೆಯ 60ನೇ ಕಲಮು ರಕ್ಷಣಾ ವಾಹನಗಳ ನೋಂದಣಿಗೆ ಪ್ರತ್ಯೇಕ ಅಧಿಕಾರ ಕೊಟ್ಟಿದೆ. ಅದೂ ಕಾನೂನಿನ ಪ್ರಕಾರದ ನೋಂದಣಿಯೇ. ಗಡಿಯಲ್ಲಿ ದುಡಿದ ವರ್ಷಗಳನ್ನು ವಯಸ್ಸಿನ ಲೆಕ್ಕದಿಂದ ಬಿಡುವುದು ಅನ್ಯಾಯ. ಸಾರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಲಿ.

ಬಣ್ಣದ್ದು ಇನ್ನೂ ದೊಡ್ಡ ತೊಡಕು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಸೈನ್ಯದ ವೇಷ ಹಾಕಿ ಯಾರೂ ಮೋಸ ಮಾಡದಿರಲೆಂಬ ಆ ಕಾಳಜಿ ಸರಿಯಾದದ್ದೇ. ಆದರೆ ‘ವಿಎ’ ಫಲಕದ ವಾಹನ ರಸ್ತೆಗೆ ಬರುವುದೇ ಅಪರೂಪ, ಅದೂ ಪ್ರದರ್ಶನಕ್ಕೆ. ಸೇನೆಯಲ್ಲಿ ದುಡಿದದ್ದೆಂದು ದಾಖಲೆಯಿರುವ, ಮೂಲರೂಪ ಉಳಿದಿರುವ, ನಾಗರಿಕ ನಂಬರನ್ನು ಎದ್ದು ಕಾಣುವಂತೆ ಹಾಕಿರುವ ವಾಹನಕ್ಕೆ ಅದರ ಹುಟ್ಟುಬಣ್ಣಕ್ಕೆ ವಿನಾಯಿತಿ ಕೊಡಬಹುದು. ಈಗ ಪ್ರಾಮಾಣಿಕರು ಮರಳು ಬಣ್ಣ ಹಚ್ಚುತ್ತಿದ್ದಾರೆ, ಉಳಿದವರು ಇಲ್ಲಿಗೂ ಅಲ್ಲಿಗೂ ಸಲ್ಲದ ಒಂದು ಹಸಿರು ಬಳಿದು ಸಂಚಾರ ಪೊಲೀಸರನ್ನು ಕಂಡರೆ ಅಂಜುತ್ತಿದ್ದಾರೆ.

ಮೆರವಣಿಗೆ ನಡೆಸುವವರಲ್ಲಿ ನನ್ನದೊಂದು ಬೇಡಿಕೆಯಿದೆ. ಮೈಕಿನಲ್ಲಿ ಗಾಡಿಯ ಬೆಲೆ, ಮಾಲೀಕರ ಹೆಸರು ಹೇಳಿ ಮುಗಿಸಬೇಡಿ. ಈ ಊರಿನಲ್ಲಿ ಸೇನೆಯ ಚಾಲಕರಿಗೆ ತರಬೇತಿ ಕೊಡುವ ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಕೇಂದ್ರವಿದೆ. ಹಲಸೂರಿನಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಇದ್ದಾರೆ, 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಜೋಂಗಾ, ಶಕ್ತಿಮಾನ್ ಲಾರಿ, ನಿಸ್ಸಾನ್ ಒಂದು ಟನ್ ಗಾಡಿಗಳನ್ನು ಹಿಮದಲ್ಲೂ ಮರಳಿನಲ್ಲೂ ಓಡಿಸಿದ, ರಾತ್ರಿಯೆಲ್ಲ ಅವುಗಳ ಅಡಿಯಲ್ಲಿ ಮಲಗಿ ಸ್ಪ್ಯಾನರ್ ತಿರುಗಿಸಿದ ಎಷ್ಟೋ ಮಂದಿ ನಿವೃತ್ತರಾಗಿ ಇಲ್ಲೇ ನೆಲೆಸಿದ್ದಾರೆ. ಅವರಲ್ಲಿ ಕೆಲವರು ಇಂದು ಅಪಾರ್ಟ್‌ಮೆಂಟುಗಳ ಗೇಟು ಕಾಯುತ್ತಿದ್ದಾರೆ. ಕಬ್ಬನ್ ರಸ್ತೆಯಲ್ಲಿ ಜೋಂಗಾ ಸಾಗುವಾಗ ಸ್ಟೇರಿಂಗ್ ಹಿಡಿಯಬೇಕಾದವರು ಅವರು. ಮಾಲೀಕರು ಪಕ್ಕದ ಸೀಟಿನಲ್ಲಿ ಕೂರಲಿ.

ಜೋಂಗಾದ ಗೆಳೆಯರು ಇದಕ್ಕೆ ಒಪ್ಪಿದ್ದಾರೆ. ಮುಂದಿನ ಮೆರವಣಿಗೆಗೆ ಚಾಲಕರನ್ನು ಹುಡುಕುತ್ತಿದ್ದೇವೆ. ನಿಮ್ಮ ತಂದೆ, ದೊಡ್ಡಪ್ಪ, ಮಾವ, ನಿಮ್ಮ ಕಟ್ಟಡದ ಕಾವಲಿನವರು, ಯಾರಾದರೂ ಎಪ್ಪತ್ತು, ಎಂಬತ್ತರ ದಶಕದಲ್ಲಿ ಸೇನೆಯಲ್ಲಿ ಜೋಂಗಾ ಅಥವಾ ಶಕ್ತಿಮಾನ್ ಓಡಿಸಿದ್ದರೆ ದಯವಿಟ್ಟು ನನಗೆ ತಿಳಿಸಿ. ವಾಹನದ ಜೊತೆ ನಿಂತು ತೆಗೆಸಿಕೊಂಡ ಹಳೆಯ ಫೋಟೊ ಇದ್ದರೆ ಅದನ್ನೂ ತರಲಿ. ಮಡ್‌ಗಾರ್ಡಿನ ಮೇಲೆ ಯಾವ ಚಿಹ್ನೆ, ಎಲ್ಲಿ, ಎಷ್ಟು ದೊಡ್ಡದಾಗಿ ಇತ್ತೆಂಬುದು ಅಂಥ ಫೋಟೊಗಳಿಂದಲೇ ಗೊತ್ತಾಗಬೇಕು.